ಸಲಾಕೆಯ ಆ ತುದಿ

…ಅದಕ್ಕೇ ಅರ್ಮಿಡಾ, ನಿನ್ನೆ ಹೇಳಿದ ಹಾಗೆ, ನೀನು ಕಣ್ಣು ಮುಚ್ಚಿದ ಮೇಲೆ ಮುರಾನೋ ದ್ವೀಪದ ನಮ್ಮ ಗಾಜಿನ ಕುಲುಮೆಯಲ್ಲಿ ಹೂಗಾಜು ಎಳೆದೇ ಇರಲಿಲ್ಲ. ಒಂದು ತುದಿ ನಾನು ಹಿಡಿದರೆ, ಇನ್ನೊಂದನ್ನು ಹಿಡಿದು ಹಿಂದಕ್ಕೆ ನಡೆಯಲು ಯಾರಿದ್ದರು? ಕುಲುಮೆ ಮುಚ್ಚಿಬಿಡೋಣ ಎಂದಿದ್ದೆ.

ಇವತ್ತು ನಮ್ಮ ನೀವೆಸ್ ತಾನೇ ಬಣ್ಣದ ಗಾಜುಕಡ್ಡಿಗಳನ್ನು ಹೂವಿನಂತೆ ಕಟ್ಟಿ, ಮೆತ್ತಗಾಗುವವರೆಗೆ ಕಾಯಿಸಿ, ಎರಡೂ ತುದಿಗೆ ಕಬ್ಬಿಣದ ಸಲಾಕೆ ಅಂಟಿಸಿದಳು.

"ಹಿಡ್ಕೋ ಅಪ್ಪ" ಎಂದು ಹಿಂದಕ್ಕೆ ಹೊರಟೇಬಿಟ್ಟಳು.

"ನಿಧಾನ! ನಿಧಾನ ಕಣೇ!"

"ಅಮ್ಮಂಗೂ ಹೀಗೇ ಕಿರುಚ್ತಿದ್ದೆ. ಬಾಯಿ ಮುಚ್ಕೊಂಡು ನನ್ ಕಾಲು ನೋಡಿ ನಡಿ."

ಬಾಯಿ ಮುಚ್ಚಿದೆ. ಅವಳ ಹೆಜ್ಜೆಗೆ ನನ್ನ ಹೆಜ್ಜೆ ಹೊಂದಿಸಿದೆ. ನಾವು ದೂರವಾದಷ್ಟೂ ಗಾಜು ನಡುವೆ ಸಣ್ಣಗಾಗುತ್ತಾ ಬಂತು, ತುಂಡಾಗಲಿಲ್ಲ.

ಆರಿದ ಮೇಲೆ ಬಿಲ್ಲೆ ಕತ್ತರಿಸಿದೆವು. ಕಡಲೆಕಾಳಿನಷ್ಟು ಗಾಜಿನೊಳಗೆ ಇಡೀ ಹೂವು! ಒಂದು ದಳ ಮಾತ್ರ ಸೊಟ್ಟ, ಅದೂ ಪ್ರತಿ ಬಿಲ್ಲೆಯಲ್ಲೂ.

"ಇರ್ಲಿ ಬಿಡು" ಎಂದೆ.

ನೀವೆಸ್ ನನ್ನ ಮುಖವನ್ನೇ ನೋಡಿದಳು. "ಅಮ್ಮ ಇದನ್ನ ಕೇಳಿಸ್ಕೋಬೇಕಿತ್ತು."

ಬಿಲ್ಲೆಗಳನ್ನು ಒತ್ತಾಗಿ ಜೋಡಿಸಿ, ಕರಗಿಸಿ, ಹಳೇ ರೋಮಿನವರಂತೆ ಬಟ್ಟಲು ಮಾಡುತ್ತಾಳಂತೆ. ಈಗ ನಾಳೆಯ ಹೂವಿಗೆ ಕಡ್ಡಿ ಆರಿಸುತ್ತಿದ್ದಾಳೆ. ಬೆಳಕು ಹೋಗುತ್ತಿದೆ, ಅವಳಿಗೆ ನೀಲಿ ಯಾವುದು, ಹಸಿರು ಯಾವುದು ತಿಳಿಯುವುದಿಲ್ಲ. ಎದ್ದು ದೀಪ ಹಾಕಿಕೊಡುತ್ತೇನೆ.