ಕ್ಯಾಪ್ಟನ್ ಕಾಂತಪ್ಪನ ಹನ್ನೊಂದು ಸೆಕೆಂಡು

ಬಿಜೈ, ಮಂಗಳೂರು
ಬುಧವಾರ, 12 ನವೆಂಬರ್ 2025

ಪ್ರೀತಿಯ ಉಮ್ಮಾ,

ಅಸ್ಸಲಾಮು ಅಲೈಕುಂ. ನಿನ್ನ ಮೊಣಕಾಲು ಹೇಗುಂಟು? ಶಾರ್ಜಾದ ಎಸಿಗೆ ನೋವು ಜಾಸ್ತಿಯಾಗುತ್ತದೆ ಎಂದಿದ್ದೆ, ಸಾಕ್ಸ್ ಹಾಕಿಕೊಂಡೇ ಓಡಾಡು. ಸುಹೈಲಾಳ ಬಾಣಂತನ ಹೇಗೆ ನಡೆಯುತ್ತಿದೆ? ಮಗುವಿಗೆ ಮಾವನಾದ ನನ್ನ ಮೂಗೇ ಬಂದಿದೆ ಎಂಬ ಸುದ್ದಿಯನ್ನು ತಕ್ಕ ಗಾಂಭೀರ್ಯದಿಂದ ಸ್ವೀಕರಿಸಿದ್ದೇನೆ. ಇಲ್ಲಿ ಉಪ್ಪ, ಮಗ ಇಬ್ಬರೂ ಕ್ಷೇಮ, ಅಂಗಡಿ ಕ್ಷೇಮ. ನೀನು ಹಾಕಿಟ್ಟ ಮೀನಿನ ಉಪ್ಪಿನಕಾಯಿ ಮಾತ್ರ ಕಳೆದ ವಾರ ನಮ್ಮನ್ನಗಲಿತು.

ವಾಟ್ಸಪ್ ಇರುವಾಗ ಕಾಗದ ಎಂತಕೆ ಎಂದು ಕೇಳುತ್ತೀ. ಈ ವಿಷಯವನ್ನು ಬಾಯಲ್ಲಿ ಹೇಳುವ ಧೈರ್ಯ, ನೀನೇ ಶೈತಾನ್ ಎಂದು ಬಿರುದು ಕೊಟ್ಟ ನಿನ್ನ ಮಗನಿಗೆ ಇಲ್ಲ. ಹಾಗಾಗಿ ನಾಳೆ ಸಂಜೆ ಬಜಪೆಯಿಂದ ಹಾರುವ ಹಾಶಿಂ ಕಾಕನ ಬ್ಯಾಗಿನಲ್ಲಿ, ಬಾಣಂತಿ ಲೇಹ್ಯದ ಡಬ್ಬದ ಅಡಿಯಲ್ಲಿ ಇದನ್ನು ಇಡುತ್ತೇನೆ.

ನಮ್ಮ ಎದುರುಮನೆಯ ಬೆನಿಟಾ ಹೋಗಿ ಇಂದಿಗೆ ಹದಿನಾರು ದಿನ. ಅವಳು ಸಹ-ಪೈಲಟ್ ಆಗಿದ್ದ ವಿಮಾನಕ್ಕೂ ಆ ಇನ್ನೊಂದಕ್ಕೂ ಸಮುದ್ರದ ಮೇಲೆ ಯಾಕೆ ಡಿಕ್ಕಿಯಾಯಿತೆಂದು ತನಿಖೆಯವರು ಇನ್ನೂ ಬಾಯಿ ಬಿಟ್ಟಿಲ್ಲ. ಬ್ಲ್ಯಾಕ್ ಬಾಕ್ಸ್ ನೀರಿನಲ್ಲೇ ಉಂಟಂತೆ. ಆದರೆ ಬಿಜೈ ಬಸ್ ಸ್ಟ್ಯಾಂಡಿನಿಂದ ನಮ್ಮ ಅಂಗಡಿಯವರೆಗೆ ಕಾರಣ ಗೊತ್ತಿಲ್ಲದ ಮನುಷ್ಯನೇ ಇಲ್ಲ. ಟ್ಯಾಕ್ಸಿಯ ಜಯಣ್ಣ ದಿನಕ್ಕೆ ನಾಲ್ಕು ಸಲ ಬಜಪೆ ಏರ್‌ಪೋರ್ಟಿನ ಗೇಟು ಮುಟ್ಟಿ ಬರುವವರಾದ್ದರಿಂದ ಅವರೇ ಮುಖ್ಯ ತನಿಖಾಧಿಕಾರಿ. ನಮ್ಮಲ್ಲಿ ಮಾರಾಟಕ್ಕಿಟ್ಟ ಎರಡು ಸೂಟ್‌ಕೇಸುಗಳನ್ನು ನೆಲದ ಮೇಲೆ ಎದುರುಬದುರು ಉರುಳಿಸಿ, "ಇದು ಹೀಗೆ ಬಂತು, ಅದು ಹಾಗೆ ಬಂತು. ಚೂರು ಎಡಕ್ಕೆ ತಿರುಗಿಸಿದ್ದರೆ ಮುಗಿಯಿತು ಮಾರಾಯ. ಆ ಹುಡುಗಿ ಗಾಬರಿಯಲ್ಲಿ ಬಲಕ್ಕೆ ಎಳೆದದ್ದು" ಎಂದು ಗಿರಾಕಿಗಳಿಗೆಲ್ಲ ತೀರ್ಪು ಕೊಡುತ್ತಾರೆ. ಉಪ್ಪ ಸೂಟ್‌ಕೇಸುಗಳನ್ನು ಎತ್ತಿ ಒರೆಸಿ ಮೇಲಿಡುತ್ತಾರೆ. ಬೆನಿಟಾ ತರಬೇತಿಗೆ ಹೊರಟ ದಿನ ಒಂದು ಸಣ್ಣ ಕೆಂಪು ಟ್ರಾಲಿಯನ್ನು ಅವಳ ಕೈಗೆ ಕೊಟ್ಟದ್ದು ಉಪ್ಪನೇ ಅಲ್ಲವಾ? ಟಿವಿಯಲ್ಲಿ ನೀರಿನ ಮೇಲೆ ತೇಲುವ ಸಾಮಾನು ತೋರಿಸಿದಾಗೆಲ್ಲ ಎದ್ದು ಹತ್ತಿರ ಹೋಗಿ ನೋಡುತ್ತಾರೆ. ಯಾವ ಬಣ್ಣ ಹುಡುಕುತ್ತಾರೆಂದು ನಾನು ಕೇಳಿಲ್ಲ.

ಜಯಣ್ಣನ ಬಾಯಿ ಮುಚ್ಚಿಸಬೇಕೆಂದು ನನಗೆ ಒಂದು ಉಪಾಯ ಹೊಳೆಯಿತು. ಇಪ್ಪತ್ತೆಂಟು ಇಂಚಿನ ಖಾಲಿ ಸೂಟ್‌ಕೇಸಿನೊಳಗೆ ತಲೆ ಹಾಕಿ, ಮೊಬೈಲಿನಲ್ಲಿ ರೆಕಾರ್ಡಿಂಗ್ ಆನ್ ಮಾಡಿ, "ನಾನು ನಿವೃತ್ತ ಕ್ಯಾಪ್ಟನ್ ಕಾಂತಪ್ಪ, ಮೂವತ್ತೆರಡು ವರ್ಷಗಳ ಅನುಭವ" ಎಂದು ಶುರುಮಾಡಿದೆ. ಸೂಟ್‌ಕೇಸಿನೊಳಗೆ ನನ್ನ ಧ್ವನಿಗೆ ಐವತ್ತು ವರ್ಷ ಜಾಸ್ತಿಯಾಗುತ್ತದೆ ಉಮ್ಮಾ. ಮೋಡದ ಅಂಚಿನಿಂದ ಸೂರ್ಯ ನೇರ ಗಾಜಿಗೆ ಹೊಡೆದ, ಹನ್ನೊಂದು ಸೆಕೆಂಡು ಎರಡು ವಿಮಾನದವರಿಗೂ ಏನೂ ಕಾಣಲಿಲ್ಲ, ಇದರಲ್ಲಿ ಯಾರ ತಪ್ಪೂ ಇಲ್ಲ, ಯಾರಿಗೂ ನೋವು ಗೊತ್ತಾಗಿರಲಿಕ್ಕಿಲ್ಲ ಎಂದೆ. ಹನ್ನೊಂದು ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ. ಜಯಣ್ಣ ಅದನ್ನು ನಂಬಿ ನಾಲ್ಕು ಜನರ ಮುಂದೆ ಭಾಷಣ ಮಾಡಲಿ, ಆಮೇಲೆ ಸೂಟ್‌ಕೇಸ್ ತೆರೆದು ತೋರಿಸುವ ಎಂಬುದು ನನ್ನ ಯೋಜನೆ. ಎಲ್ಲಿಂದಲೋ ಬಂದ ಕ್ಲಿಪ್ ಎಂದು ಬೆಳಿಗ್ಗೆ ಅವರ ವಾಟ್ಸಪ್ಪಿಗೆ ಕಳಿಸಿದ್ದು. ಮಧ್ಯಾಹ್ನದ ಊಟಕ್ಕೆ ಕೂತಾಗ ಕ್ಯಾಪ್ಟನ್ ಸಾಹೇಬರು ಶಾರ್ಜಾ ಸುತ್ತಿ ನಮ್ಮ ಫ್ಯಾಮಿಲಿ ಗ್ರೂಪಿಗೇ ಬಂದಿದ್ದರು. ಕೆಳಗೆ ಎರಡು ಕೈ ಮುಗಿದ ಚಿತ್ರ. ಕಳಿಸಿದವಳು ನೀನು. ಹೆತ್ತ ಮಗನ ಧ್ವನಿ ನಿನಗೆ ಗೊತ್ತಾಗಲಿಲ್ಲವಲ್ಲ ಎಂದು ನಾನು ಅನ್ನ ಗಂಟಲಿಗೆ ಸಿಕ್ಕುವಷ್ಟು ನಕ್ಕೆ. ನೀನು ಅದನ್ನು ಬೆನಿಟಾಳ ಅಮ್ಮ ಜಾಯ್ಸ್ ಆಂಟಿಗೂ ಕಳಿಸಿದ್ದು ಆಗ ನನಗೆ ತಿಳಿದಿರಲಿಲ್ಲ.

ಮೊನ್ನೆ ಆಂಟಿ ಅಂಗಡಿಗೆ ಬಂದರು. ಮಣ್ಣು ಮಾಡಲು ಮಗಳು ಸಿಗದ ಮೇಲೆ ಮನೆಯಿಂದ ಹೊರಗೆ ಬಂದದ್ದು ಅದೇ ಮೊದಲು. ನನ್ನ ಕೈ ಹಿಡಿದು, "ಅಝರ್, ನಿನಗೆ ಫೋನು, ಕಂಪ್ಯೂಟರು ಎಲ್ಲ ಗೊತ್ತುಂಟು. ಆ ಕ್ಯಾಪ್ಟನನ್ನು ಹುಡುಕಿ ಕೊಡು ಮಗಾ. ಅವರೊಬ್ಬರೇ ಅವಳ ತಪ್ಪಲ್ಲ ಅಂತ ಹೇಳಿದ್ದು" ಎಂದರು. ದಿನಕ್ಕೆ ಎಷ್ಟು ಸಲ ಕೇಳುತ್ತಾರೋ, ಹನ್ನೊಂದು ಸೆಕೆಂಡಿನ ಲೆಕ್ಕ ಅವರಿಗೆ ಬಾಯಿಪಾಠ. ನಾಳೆ ಗುರುವಾರ ಬಿಕರ್ನಕಟ್ಟೆಯಲ್ಲಿ ಬಾಲ ಯೇಸುವಿಗೆ ಹೇಳಿಕೊಳ್ಳುವ ಪ್ರಾರ್ಥನೆಯಲ್ಲಿ ಕ್ಯಾಪ್ಟನ್ ಕಾಂತಪ್ಪನ ಆಯುರಾರೋಗ್ಯವೂ ಸೇರಿದೆಯಂತೆ, ಚೀಟಿ ಬರೆದು ಕೊಟ್ಟಾಗಿದೆ. ಹುಟ್ಟದೇ ಇರುವ ಮನುಷ್ಯನಿಗೆ ದೀರ್ಘಾಯುಷ್ಯ. ಬೇರೆ ದಿನವಾದರೆ ಇದೊಂದನ್ನೇ ಹೇಳಿ ನಾನು ವರ್ಷವಿಡೀ ಬದುಕುತ್ತಿದ್ದೆ. ಶನಿವಾರ ವಿಮಾನ ಕಂಪೆನಿಯವರು ಆಂಟಿಯ ಮನೆಗೆ ಬರುತ್ತಾರೆ. ಆಂಟಿ ಅವರಿಗೆ ಆ ಕ್ಲಿಪ್ ಕೇಳಿಸಿ, ಇವರನ್ನು ಸಾಕ್ಷಿಗೆ ಕರೆಯಿರಿ ಎನ್ನುತ್ತಾರಂತೆ. ನಿಜ ಹೇಳದೆ ಬಿಟ್ಟರೆ ಕೋಟು ಹಾಕಿದ ಹೊರಗಿನವರ ಮುಂದೆ ಆಂಟಿ ನಗೆಪಾಟಲಾಗುತ್ತಾರೆ. ಹೇಳಿದರೆ, ಮಗಳ ಪರವಾಗಿ ಮಾತಾಡಿದ ಒಬ್ಬನೇ ಒಬ್ಬನನ್ನು ನಾನೇ ಕೊಂದಂತೆ.

ನಾಳೆ ಬೆಳಿಗ್ಗೆ ಅವರು ಬಿಕರ್ನಕಟ್ಟೆಗೆ ಹೊರಡುವ ಮೊದಲು ಹೋಗುತ್ತೇನೆ. ನನಗಾಗಿ ದುವಾ ಮಾಡು. ಸುಹೈಲಾಳಿಗೆ ಸಲಾಂ ಹೇಳು, ಮಗುವಿನ ಮೂಗಿಗೆ ನನ್ನ ಮುತ್ತು ಕೊಡು.

ಬಿರುದನ್ನು ಹಿಂದಿರುಗಿಸಲು ಸಿದ್ಧನಿರುವ
ನಿನ್ನ ಅಝರ್

ವಿ.ಸೂ: ಗುರುವಾರ, ಬೆಳಿಗ್ಗೆ ಹತ್ತು ಗಂಟೆ. ಹಾಶಿಂ ಕಾಕ ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಹೇಳಿದೆ ಉಮ್ಮಾ. ಆಂಟಿ ಬೈಯಲಿಲ್ಲ. ನನ್ನ ಬಾಯಿಯನ್ನೇ ನೋಡಿ, "ಹಾಗಾದರೆ ಎಂತ ಆದದ್ದು ಅವಳಿಗೆ?" ಎಂದು ಕೇಳಿದರು. "ಗೊತ್ತಿಲ್ಲ ಆಂಟಿ" ಎಂದೆ. ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟು, ಅದನ್ನು ಅಳಿಸಿಬಿಡು, ನನಗೆ ಅಳಿಸಲು ಬರುವುದಿಲ್ಲ ಎಂದರು. ನಾನು ಒತ್ತಲು ಹೋದಾಗ ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಇವತ್ತು ಬೇಡ ಮಗಾ. ನಾಳೆ ಬಾ."