ಇಲ್ಲದ ವಿಮಾನದ ಒಂದು ಗಂಟೆ ಹತ್ತು ನಿಮಿಷ

ಯಸಳೂರು,
ನವೆಂಬರ್ 10, ಸೋಮವಾರ

ಪ್ರೀತಿಯ ತಂಗಿ ಆಶಾ,

ಕಲಬುರಗಿ ವಿಮಾನ ನಿಲ್ದಾಣದಿಂದ ಮಂಗಳೂರು ವಿಮಾನ ನಿಲ್ದಾಣಕ್ಕೆ ಆಕಾಶಮಾರ್ಗವಾಗಿ ಸುಮಾರು ಐನೂರ ಮೂವತ್ತು ಕಿಲೋಮೀಟರ್ ಇದೆಯೆಂದೂ, ಅಷ್ಟು ಹಾರಲು ಒಂದು ಗಂಟೆ ಹತ್ತು ನಿಮಿಷ ಸಾಕೆಂದೂ ನಿನ್ನ ಅಣ್ಣನಾದ ನಾನು ಈ ಮೂಲಕ ಲೋಕಕ್ಕೆ ಘೋಷಿಸುತ್ತಿದ್ದೇನೆ. ಲೋಕ ಸುಧಾರಿಸಿಕೊಳ್ಳುವಷ್ಟರಲ್ಲಿ ನಿನ್ನ ಕ್ಷೇಮ ಕೇಳಿಬಿಡುತ್ತೇನೆ. ಕೆಮ್ಮು ಹೋಯಿತೇ? ನಿನ್ನ ಕಲಬುರಗಿಯ ಆಸ್ಪತ್ರೆಯವರು ಡ್ಯೂಟಿಯ ನಡುವೆ ಊಟಕ್ಕಾದರೂ ಬಿಡುತ್ತಾರೆಯೇ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನನ್ನ ಮಗಳಿಗೆ ಮೂರು ತಿಂಗಳು ತುಂಬುತ್ತಿದೆ. ಹೆಸರಿಲ್ಲದಿದ್ದರೂ ದನಿಗೆ ಕೊರತೆಯಿಲ್ಲ. ಫೋನ್ ಮಾಡಿದರೆ ಅಮ್ಮ ಪಕ್ಕದಲ್ಲೇ ಕೂತು ಸ್ಪೀಕರ್ ಹಾಕಿಸುತ್ತಾಳೆ, ಅದಕ್ಕೇ ಈ ಕಾಗದ.

ಇಪ್ಪತ್ತಮೂರರ ಭಾನುವಾರ ನಾಮಕರಣ. ಶನಿವಾರ ಸಂಜೆಯವರೆಗೂ ರಜೆಯಿಲ್ಲವೆಂದು ನೀನು “ದೂರ ಕಣಣ್ಣ, ಬೇರೆ ಯಾರ ಕೈಲಾದ್ರೂ ಹೆಸರು ಹೇಳಿಸ್ಬುಡು” ಎಂದೆಯಲ್ಲ, ಆಗ ಅಮ್ಮ ಕುಕ್ಕಿದ ಕಾಫಿ ಲೋಟದ ಸದ್ದು ಪಕ್ಕದ ವನಗೂರಿಗೂ ಕೇಳಿರಬೇಕು. “ಸೋದರತ್ತೆ ಬರ್ದೆ ಮಗಿನ ಕಿವೀಲಿ ಹೆಸರು ಹೇಳೋದುಂಟೇನೋ? ಇವಳು ಬರೋಗಂಟ ಮಗು ಹಂಗೇ ಇರ್ಲಿ” ಎಂದು ತೀರ್ಪಾಯಿತು. ಅಮ್ಮನ ತೀರ್ಪಿಗೆ ಮೇಲ್ಮನವಿ ಇಲ್ಲವೆಂದು ನಿನಗೂ ಗೊತ್ತು. ಹೀಗೇ ಬಿಟ್ಟರೆ ಮಗು ‘ಪಾಪು’ ಎಂಬ ಹೆಸರಲ್ಲೇ ಶಾಲೆಗೆ ಸೇರುತ್ತದೆಂದು ಹೆದರಿ ಮೊಬೈಲ್ ತಡಕಾಡಿದೆ. ಆಗ ಸಿಕ್ಕಿದ್ದೇ ಆ ಒಂದು ಗಂಟೆ ಹತ್ತು ನಿಮಿಷ! ಅಮ್ಮನಿಗೆ ಹೇಳಿದೆ, ಅಮ್ಮ ಹೋಬಳಿಗೆಲ್ಲ ಹೇಳಿದಳು. ಮಂಗಳೂರಿನಿಂದ ನಿನ್ನನ್ನು ಕರೆತರಲು ನಮ್ಮೂರ ದೇವೀರಪ್ಪನ ಜೀಪೂ ಗೊತ್ತಾಯಿತು.

ಮೂರನೇ ದಿನ ನಿನ್ನ ಅತ್ತಿಗೆ ಹೇಮಶ್ರೀ, “ಅದ್ಸರಿ, ಟಿಕೆಟ್ ಎಲ್ರೀ?” ಎಂದಳು. ಮೊಬೈಲಿನ ಆ ಪುಟದಲ್ಲಿ ದೂರವಿತ್ತು, ಹೊತ್ತಿತ್ತು, ನಕ್ಷೆಯ ಮೇಲೆ ಬಿಲ್ಲಿನಂಥ ಗೆರೆಯೂ ಇತ್ತು. ಇರದಿದ್ದದ್ದು ವಿಮಾನ ಮಾತ್ರ. ಆ ದಾರಿಯಲ್ಲಿ ನೇರ ವಿಮಾನವೇ ಇಲ್ಲವಂತೆ. ಸುಮ್ಮನೆ ಲೆಕ್ಕ ಹಾಕಿಟ್ಟಿದ್ದಾರೆ. ದೇವೀರಪ್ಪ ಬಿದ್ದು ಬಿದ್ದು ನಕ್ಕ. “ಚಂದ್ರಂಗೂ ಇಷ್ಟು ಮೈಲಿ ಅಂತ ಬರ್ದವ್ರೆ ಕಣಣ್ಣ. ಹಂಗಂತ ಸಕಲೇಶಪುರದಿಂದ ಬಸ್ ಐತಾ ಮಾರಾಯ?”

ಕೊನೆಗೆ ನಿನ್ನನ್ನು ಮುಹೂರ್ತಕ್ಕೆ ತರಲಾಗದೆ ಮುಹೂರ್ತವನ್ನೇ ನಿನ್ನ ಹತ್ತಿರಕ್ಕೆ ತಂದಿದ್ದೇನೆ. ಜೋಯಿಸರ ಕೈಕಾಲು ಹಿಡಿದು, ಬೆಳಗಿನ ಹತ್ತೂಕಾಲರದ್ದನ್ನು ಮಧ್ಯಾಹ್ನ ಮೂರೂವರೆಗೆ ತಳ್ಳಿಸಿದೆ. ಶನಿವಾರ ರಾತ್ರಿಯ ಬಸ್ಸಿಗೆ ನಿನ್ನ ಹೆಸರಲ್ಲಿ ಕಿಟಕಿ ಪಕ್ಕದ ಸೀಟು ಹಿಡಿಸಿದ್ದೇನೆ. ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಹಾಸನದಲ್ಲಿ ಇಳಿ, ಜೀಪು ನಿಂತಿರುತ್ತದೆ. ಇನ್ನು ದೂರವೆನ್ನಬೇಡ ಕಣೇ. ನನಗೂ ನನ್ನ ಮಗಳ ಕಿವಿಯಲ್ಲಿ ಮೊದಲು ನಿನ್ನ ದನಿಯೇ ಬೀಳಬೇಕು.

ಅಮ್ಮನ ಆಶೀರ್ವಾದ, ಹೇಮಳ ನೆನಪು, ಪಾಪುವಿನ ಒಂದು ಕಿರುಚಾಟ ಇದರೊಂದಿಗಿದೆ.

ನಿನ್ನ ಅಣ್ಣ,
ಯೋಗಾನಂದ

ತಾ.ಕ.: ವಿಮಾನವೇ ಇಲ್ಲವೆಂದು ಅಮ್ಮನಿಗೆ ಇನ್ನೂ ಹೇಳಿಲ್ಲ. ಮುಹೂರ್ತ ಯಾಕೆ ತಳ್ಳಿದ್ದೆಂದು ಕೇಳಿದಳು. “ವಿಮಾನ ಲೇಟಂತೆ” ಎಂದುಬಿಟ್ಟೆ. ಇಲ್ಲದ ವಿಮಾನವನ್ನು ತಡ ಮಾಡಿಸಿದ ಮೊದಲ ಕಾಫಿ ಬೆಳೆಗಾರ ನಾನೇ ಇರಬೇಕು. ಆದ್ದರಿಂದ ಒಂದು ಸಣ್ಣ ಉಪಕಾರ: ವಿಮಾನದಲ್ಲಿ ಓಡಾಡುವ ಡಾಕ್ಟರು ಯಾರಾದರೂ ಅಲ್ಲಿದ್ದರೆ, ಅವರ ಸೂಟ್‌ಕೇಸಿಗೆ ವಿಮಾನದವರು ಅಂಟಿಸಿರುವ ಆ ಉದ್ದನೆಯ ಚೀಟಿ ಕೇಳಿ ಇಸಿದುಕೊಂಡು ನಿನ್ನ ಬ್ಯಾಗಿನ ಹಿಡಿಗೆ ಸುತ್ತಿಕೊಂಡು ಬಾ. ಹೆಸರಿರುವ ಜಾಗವನ್ನು ಮಾತ್ರ ಹರಿದುಬಿಡು. ಅಮ್ಮ ಹೋದ ವಾರವಷ್ಟೇ ಹೊಸ ಕನ್ನಡಕ ಮಾಡಿಸಿದ್ದಾಳೆ.