ಊರು ಚೀಟಿ ಹಾಕಿದ ದಿನ

ತಮ್ಮಾ ಈರೇಶ,

ನೀನು ಎಲ್ಲಿದ್ದೀ ಎಂದು ಗೊತ್ತಿಲ್ಲದೆಯೇ ಬರೆಯುತ್ತಿದ್ದೇನೆ. ಇವತ್ತು ಊರಲ್ಲಿ ಗ್ರಾಮಸಭೆ ಇತ್ತು. ಸಣ್ಣಪುಟ್ಟ ಕಳವು ಮಾಡಿದವರನ್ನು ಇನ್ನು ಮುಂದೆ ಪೊಲೀಸರಿಗೆ ಒಪ್ಪಿಸಬೇಕೋ, ಕೆರೆಯ ಕೆಲಸ ಮಾಡಿಸಿ ಬಿಡಬೇಕೋ ಎಂದು ಮನೆಗೊಂದು ಚೀಟಿ ಹಾಕಿಸಿದರು.

ಮೊದಲು ಬಹಳ ಜನ ಬಿಡಲು ಒಪ್ಪಲಿಲ್ಲ. ಆಗ ಬಿಡೋಣ ಎಂದು ಎದ್ದು ನಿಂತವರು ಮಡಿವಾಳೆಪ್ಪ ಕಾಕಾ, ನಿನ್ನ ಮೇಲೆ ದೂರು ಕೊಟ್ಟವರು.

‘ನಿಮ್ಮ ಗೋವಿನಜೋಳದ ಚೀಲಾನ ಕದ್ದಿದ್ನಲ್ರಿ ಅಂವ. ನೀವ ಹಿಂಗಂದ್ರ ಹೆಂಗ?’ ಎಂದು ಯಾರೋ ಕೇಳಿದರು.

‘ಚೀಲ ಅವತ್ತ ಹೊಳ್ಳಿ ಬಂತಪಾ,’ ಎಂದರು ಕಾಕಾ. ‘ಹುಡುಗ ಜೇಲಿಂದ ಬಿಟ್ಟ ಮ್ಯಾಲೂ ಊರಿಗೆ ಬರಲಿಲ್ಲ.’

ಒಬ್ಬೊಬ್ಬರಾಗಿ ಎದ್ದು ಚೀಟಿ ಹಾಕಿದರು. ಚೀಟಿ ಎಣಿಸಿದಾಗ ಕೆರೆಯ ಕೆಲಸವೇ ಗೆದ್ದಿತ್ತು. ನಾನೂ ಅದಕ್ಕೇ ಹಾಕಿದ್ದೆ.

ಆಮೇಲೆ ಕಾಕಾ ನನ್ನ ಜೊತೆ ಮನೆಯವರೆಗೂ ನಡೆದು ಬಂದರು. ಬಾಗಿಲ ಬಳಿ ನಿಂತು, ‘ಈರೇಶ ಬಂದ್ರ ಮೊದಲ ನನ್ನ ಕಡೆ ಕಳಸವಾ, ಮಹಾನಂದಾ,’ ಎಂದರು.

ಎಷ್ಟೋ ಮಾತು ಬಾಯಿಯವರೆಗೆ ಬಂದಿತ್ತು.

‘ಮೊದಲ ಉಣ್ಲಿ ರಿ ಕಾಕಾ,’ ಎಂದೆ. ‘ಆಮ್ಯಾಲ ಕಳಸ್ತೀನಿ.’